ಹಲ್ಲು ಕೀಳಿಸಿದ ಮೇಲೆ ರಕ್ತ ಜಿನುಗುತ್ತಿದ್ದರೆ ಟೀ ಬ್ಯಾಗ್
ಡಾಕ್ಟರ್ ಇಟ್ಟ ಹತ್ತಿ ತೆಗೆದ ಮೇಲೂ ರಕ್ತ ಜಿನುಗುತ್ತಿದ್ದರೆ, ಒಂದು ಸಾದಾ ಟೀ ಬ್ಯಾಗನ್ನು ಬಿಸಿನೀರಲ್ಲಿ ಅದ್ದಿ, ಪೂರ್ತಿ ಆರಿಸಿ, ಹಿಂಡಿ, ಗಾಯದ ಮೇಲಿಟ್ಟು 30 ನಿಮಿಷ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಚಹಾದಲ್ಲಿರುವ ಟ್ಯಾನಿನ್ ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ, ಉಳಿದ ಕೆಲಸ ಕಚ್ಚುವ ಒತ್ತಡದ್ದು. ಮನೆಯ ಚಹಾಪುಡಿ ಬಟ್ಟೆಯಲ್ಲಿ ಕಟ್ಟಿ ಇಡಬೇಡಿ, ಪುಡಿ ಗಾಯದೊಳಗೆ ಸೇರಿಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ಹಲ್ಲು ಕೀಳಿಸಿ ನವಲಗುಂದ, ಅಣ್ಣಿಗೇರಿ ಬಸ್ ಹತ್ತುವವರು ದಾರಿಯುದ್ದಕ್ಕೂ ಕಿಟಕಿಯಿಂದ ಉಗುಳುತ್ತಾ ಹೋಗುತ್ತಾರಲ್ಲ, ಅದೇ ತಪ್ಪು! ಉಗುಳಿದರೆ, ಜೋರಾಗಿ ಬಾಯಿ ಮುಕ್ಕಳಿಸಿದರೆ, ಸ್ಟ್ರಾ ಹಾಕಿ ಕಬ್ಬಿನ ಹಾಲು ಹೀರಿದರೆ ಹೆಪ್ಪು ಕಿತ್ತು ಬರುತ್ತದೆ. ಉಗುಳು ಬಂದರೆ ಸುಮ್ನೆ ನುಂಗಿ. ಮೊದಲ ದಿನ ಅದು ಸ್ವಲ್ಪ ಕೆಂಪಗಿರುವುದು ಸಹಜ. ಉಪ್ಪುನೀರು 24 ಗಂಟೆ ಆದ ಮೇಲೆಯೇ. ಅಲ್ಲಿಯವರೆಗೆ ತಣ್ಣಗಿನ ಮೊಸರನ್ನ ಸಾಕು, ಗಿರ್ಮಿಟ್ಟು ಮಿರ್ಚಿ ಕೆಲವು ದಿನ ಕಾಯಲಿ. ಗುಟ್ಕಾ, ಬೀಡಿ ಮಾತ್ರ ಬೇಡವೇ ಬೇಡ. ಬಾಯಿ ತುಂಬ ರಕ್ತ ಬರುತ್ತಿದ್ದರೆ ಟೀ ಬ್ಯಾಗ್ ಹಿಡಿದು ಕೂರಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಇದು ಸಾಲದೇ ಹೋಗಬಹುದು. ಅಂಥವರು ಕೀಳಿಸುವ ಮೊದಲೇ ಡಾಕ್ಟರಿಗೆ ಹೇಳಬೇಕು, ಆದರೆ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು. ಎರಡು ಮೂರು ದಿನಕ್ಕೆ ನೋವು ಇಳಿಯುವ ಬದಲು ಕಿವಿವರೆಗೂ ಏರಿ ಬಾಯಿ ವಾಸನೆ ಬಂದರೆ ಹೆಪ್ಪು ಕಳಚಿದೆ ಅಂತ ಅನುಮಾನಪಡಿ. ಅದಕ್ಕೆ ಚಹಾ ಆಗಲ್ಲ, ಡಾಕ್ಟರೇ ಗಾಯ ತೊಳೆದು ಔಷಧ ಇಡಬೇಕು.