ಎಟಿಮೆಗಾ 328ಪಿ ಬಗ್ಗೆ ಬರೆಯುವಾಗ ಅಂಕಿ ಜೊತೆ ಷರತ್ತೂ ಇರಲಿ

ಎಟಿಮೆಗಾ 328ಪಿ ಎಂಬುದು ಆರ್ಡುಯಿನೋ ಊನೋದಂಥ ಬೋರ್ಡುಗಳಲ್ಲಿರುವ ಮೈಕ್ರೋಕಂಟ್ರೋಲರ್ ಚಿಪ್. ಅದರ ಬಗ್ಗೆ ಎಷ್ಟೋ ಕಡೆ ‘ಪ್ರತಿ ಪಿನ್ 40 ಮಿಲಿಆಂಪಿಯರ್ ಕೊಡುತ್ತದೆ’ ಎಂದಿರುತ್ತದೆ. ದಯವಿಟ್ಟು ತಿದ್ದಿ. ಡೇಟಾಶೀಟ್‌ನಲ್ಲಿ (ತಯಾರಕರು ಕೊಡುವ ತಾಂತ್ರಿಕ ವಿವರ ಪುಸ್ತಿಕೆಯಲ್ಲಿ) 40 ಎಂಬುದು ಮೀರಬಾರದ ಗರಿಷ್ಠ ಮಿತಿಗಳ ಪಟ್ಟಿಯಲ್ಲಿದೆ; ಆ ಮಟ್ಟದಲ್ಲೇ ಓಡಿಸಿದರೆ ಚಿಪ್ ಹಾಳಾಗಬಹುದು. 5 ವೋಲ್ಟ್‌ನಲ್ಲಿ ಔಟ್‌ಪುಟ್ ವೋಲ್ಟೇಜಿಗೆ ಖಾತರಿ ಕೊಟ್ಟಿರುವುದು 20 ಮಿಲಿಆಂಪಿಯರ್‌ಗೆ. ಓದಿದವರು ರಿಲೇಯನ್ನು (ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚನ್ನು) ನೇರವಾಗಿ ಪಿನ್ನಿಗೇ ಜೋಡಿಸುವುದು ಇಂಥ ಸಾಲನ್ನು ನಂಬಿಯೇ.

ಚಿಪ್‌ನ ಕ್ಲಾಕ್ ವೇಗವೂ ಹಾಗೆಯೇ: 20 ಮೆಗಾಹರ್ಟ್ಸ್‌ಗೆ ಕನಿಷ್ಠ 4.5 ವೋಲ್ಟ್ ಬೇಕು, 2.7 ವೋಲ್ಟ್‌ನಲ್ಲಿ 10 ಮಾತ್ರ.

‘ಅತಿ ಕಡಿಮೆ ವಿದ್ಯುತ್’ ಎಂಬುದು ಜಾಹೀರಾತಿನ ಮಾತು, ತೆಗೆದುಹಾಕಿ. ಬದಲಿಗೆ ‘ಪವರ್‌ಡೌನ್‌ನಲ್ಲಿ ಸುಮಾರು 0.1 ಮೈಕ್ರೋಆಂಪಿಯರ್, 1.8 ವೋಲ್ಟ್, 25 ಡಿಗ್ರಿ ಸೆಲ್ಸಿಯಸ್’ ಎಂದು ಬರೆಯಿರಿ. ಪವರ್‌ಡೌನ್ ಎಂದರೆ ಚಿಪ್‌ನ ನಿದ್ರಾಸ್ಥಿತಿ. ಇದು ಬರೀ ಚಿಪ್‌ನ ಲೆಕ್ಕ. ಆರ್ಡುಯಿನೋ ಊನೋ ಬೋರ್ಡಿನಲ್ಲಿ ರೆಗ್ಯುಲೇಟರ್, ಯುಎಸ್‌ಬಿ ಚಿಪ್, ಎಲ್‌ಇಡಿ ಎಲ್ಲ ಸೇರಿ ಮಿಲಿಆಂಪಿಯರ್‌ಗಟ್ಟಲೆ ಎಳೆಯುತ್ತವೆ. ಡೇಟಾಶೀಟ್‌ನ ಆವೃತ್ತಿ, ಪುಟ ಸಂಖ್ಯೆಯನ್ನೂ ಪಕ್ಕದಲ್ಲೇ ಹಾಕಿ.