ಪೀಪಾಯಿಯೊಳಗಿನ ಹೆಪ್ಪು

ಸ್ಪೇನಿನ ಸೆವಿಯಾದಲ್ಲಿ ಮೂರು ದಿನ ಅರಮನೆ, ಚರ್ಚು, ಗೋಪುರ ಅಂತ ಸುತ್ತಿ ನಮ್ಮಿಬ್ಬರ ಕಾಲೂ ಸೋತಿದ್ದವು. ನಾಲ್ಕನೇ ದಿನ ಬೆಳಿಗ್ಗೆ ರೈಲು ಹತ್ತಿ ಹೆರೆಸ್‌ಗೆ ಹೊರಟೆವು. ಒಂದು ಗಂಟೆ ಚಿಲ್ಲರೆ ದಾರಿ. ಸ್ಪೆಲ್ಲಿಂಗ್ ನೋಡಿ ನಾನು ಕೌಂಟರಿನಲ್ಲಿ ‘ಜೆರೆಜ್’ ಅಂದಿದ್ದೆ, ಅಲ್ಲಿದ್ದವರಿಗೆ ಅರ್ಥವೇ ಆಗಲಿಲ್ಲ. ಶೆರಿ ವೈನಿಗೆ ಆ ಹೆಸರು ಬಂದದ್ದು ಈ ಊರಿನಿಂದಲೇ.

ವೈನ್ ಮಾಗಿಸುವ ಕಟ್ಟಡಕ್ಕೆ ಅಲ್ಲಿ ಬೊದೆಗಾ ಅನ್ನುತ್ತಾರೆ. ಹೊರಗೆ ಉರಿ ಬಿಸಿಲು, ಒಳಗೆ ತಂಪು. ಸೂರು ತುಂಬಾ ಎತ್ತರ, ಬಿಸಿ ಗಾಳಿ ಮೇಲೇರಲಿ ಅಂತ. ನೆಲಕ್ಕೆ ಹಳದಿ ಮರಳು ಹಾಸಿ ನೀರು ಚಿಮುಕಿಸುತ್ತಾರೆ. ಬೇಸಿಗೆಯಲ್ಲಿ ನಾವು ಮಡಕೆಯ ಕೆಳಗೆ ಒದ್ದೆ ಮರಳು ಹಾಕುತ್ತೇವಲ್ಲ, ಅದೇ ಉಪಾಯ.

ಪೀಪಾಯಿಗಳನ್ನು ಒಂದರ ಮೇಲೊಂದು ಸಾಲಾಗಿ ಪೇರಿಸಿದ್ದರು. ಕೆಳಗಿನ ಸಾಲಿನ ಹೆಸರು ಸೊಲೆರಾ. ಬಾಟಲಿಗೆ ಹೋಗುವುದು ಅದರಿಂದ ಮಾತ್ರ, ಅದೂ ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಲ್ಲ. ತೆಗೆದಷ್ಟನ್ನು ಮೇಲಿನ ಸಾಲಿನಿಂದ ತುಂಬುತ್ತಾರೆ, ಅದಕ್ಕೆ ಇನ್ನೂ ಮೇಲಿನದರಿಂದ. ಪೀಪಾಯಿ ಯಾವತ್ತೂ ಪೂರ್ತಿ ಖಾಲಿ ಆಗುವುದಿಲ್ಲ. ಗೈಡ್ ಚಾರ್ಟ್ ತೋರಿಸಿ ಹತ್ತು ನಿಮಿಷ ವಿವರಿಸಿದಳು. ನನ್ನ ಹೆಂಡತಿ ಒಂದೇ ಮಾತಲ್ಲಿ ಮುಗಿಸಿದಳು: “ಹೆಪ್ಪು ಉಳಿಸ್ಕೊಂಡ ಹಾಗೆ ಅಲ್ವಾ?”

ಒಂದು ಪೀಪಾಯಿಯ ಮುಖಕ್ಕೆ ಗಾಜು ಹಾಕಿದ್ದರು. ವೈನಿನ ಮೇಲೆ ಸುಕ್ಕುಸುಕ್ಕಾದ ಬಿಳಿ ಪದರ, ಥೇಟ್ ಆರಿದ ಹಾಲಿನ ಕೆನೆ. ಅದು ಫ್ಲೋರ್, ಜೀವಂತ ಯೀಸ್ಟ್. ಅದಕ್ಕೆ ಉಸಿರಾಡಲು ಜಾಗ ಬೇಕೆಂದೇ ಪೀಪಾಯಿಯನ್ನು ಕಂಠಪೂರ್ತಿ ತುಂಬುವುದಿಲ್ಲ. ಈ ಕೆನೆಯಡಿ ಗಾಳಿ ಸೋಕದೆ ಮಾಗಿದ್ದು ಫಿನೊ: ತಿಳಿ ಬಣ್ಣ, ಒಣ ರುಚಿ. ಸ್ಪಿರಿಟ್ ಜಾಸ್ತಿ ಬೆರೆಸಿದರೆ ಕೆನೆ ನಿಲ್ಲುವುದಿಲ್ಲ. ಆಗ ಗಾಳಿ ತಾಗಿ ಕಂದು ಬಣ್ಣಕ್ಕೆ ತಿರುಗಿ ಒಲೊರೊಸೊ ಆಗುತ್ತದೆ, ಅಕ್ರೋಟಿನ ವಾಸನೆ. ಒಣಗಿಸಿದ ದ್ರಾಕ್ಷಿಯಿಂದ ಮಾಡುವ ಪೇದ್ರೊ ಹಿಮೇನೆಸ್ ಅಂತೂ ಜೋನಿಬೆಲ್ಲವೇ. ಐಸ್‌ಕ್ರೀಮಿನ ಮೇಲೆ ಸುರಿದು ತಿನ್ನಿ.

ನನ್ನ ತಪ್ಪು ಇಷ್ಟೇ. ತಣ್ಣಗಿದೆ, ಲೋಟ ಚಿಕ್ಕದಿದೆ ಅಂತ ಖಾಲಿ ಹೊಟ್ಟೆಯಲ್ಲಿ ಮೂರು ಫಿನೊ ಇಳಿಸಿದೆ. ಅದರಲ್ಲಿ ಆಲ್ಕೋಹಾಲ್ ಶೇ. 15. ಹೊರಗೆ ಬಿಸಿಲಿಗೆ ಕಾಲಿಟ್ಟಾಗ ರಸ್ತೆಯೇ ವಾಲಿತು. ಮಧ್ಯಾಹ್ನ ಬುಕ್ ಮಾಡಿದ್ದ ಇನ್ನೊಂದು ಬೊದೆಗಾ ಬಿಟ್ಟು ಪಾರ್ಕಿನ ಬೆಂಚಿನ ಮೇಲೆ ಮಲಗಿದೆ. ದಿನಕ್ಕೆ ಒಂದೇ ಬೊದೆಗಾ ಸಾಕು, ನಿಜವಾಗಿ.

ಸಸ್ಯಾಹಾರಿಗಳು ‘ಮಾಂಸ ಬೇಡ’ ಅಂದರೆ ಸಾಲದು. ಹಮೋನ್, ಅಂದರೆ ಉಪ್ಪಲ್ಲಿ ಒಣಗಿಸಿದ ಹಂದಿ ತೊಡೆ, ಎಷ್ಟೋ ಕಡೆ ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ತಣ್ಣನೆಯ ಟೊಮೆಟೊ ಸಾರಿನ ಮೇಲೂ ಅದನ್ನು ಉದುರಿಸುತ್ತಾರೆ. ‘ಸಿನ್ ಹಮೋನ್’ ಅಂತ ಬಿಡಿಸಿ ಹೇಳಿ. ಪಾಲಕ್-ಕಡಲೆ ಪಲ್ಯ ಸಿಕ್ಕಿದರೆ ಬಿಡಬೇಡಿ, ಜೀರಿಗೆ ಹಾಕಿರುತ್ತಾರೆ.

ಸಂಜೆ ತಬಾಂಕೊಗೆ ಹೋದೆವು. ಪೀಪಾಯಿಯಿಂದಲೇ ಬಗ್ಗಿಸಿ ಕೊಡುವ ಹಳೇ ಶೆರಿ ಅಂಗಡಿ. ನಿಂತೇ ಕುಡಿಯಬೇಕು. ಎರಡು ಲೋಟ, ಒಂದು ತಟ್ಟೆ ಆಲಿವ್. ಲೆಕ್ಕವನ್ನು ಅಂಗಡಿಯಾತ ಸೀಮೆಸುಣ್ಣದಲ್ಲಿ ಮರದ ಕಟ್ಟೆಯ ಮೇಲೆಯೇ ಬರೆದ. ಫೋಟೊ ತೆಗೆಯೋಣ ಅಂತ ನಾನು ಮೊಬೈಲ್ ಹುಡುಕುವಷ್ಟರಲ್ಲಿ ದುಡ್ಡು ಎಣಿಸಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟ.