ಮುಂದಿನ ಬೀದಿಯ ಮೆನು, ಹಿಂದಿನ ಬೀದಿಯ ಅಡುಗೆ: ಗ್ರೀಸಿನ ಪ್ರವಾಸಿ ಊರುಗಳಲ್ಲಿ ಉಣ್ಣುವ ಬಗೆ

2021ರ ಜನಗಣತಿಯಂತೆ ಗ್ರೀಸಿನ ಜನಸಂಖ್ಯೆ ಸುಮಾರು 1 ಕೋಟಿ 5 ಲಕ್ಷ. 2023ರಲ್ಲಿ ಆ ದೇಶಕ್ಕೆ ಹೊರಗಿನಿಂದ ಬಂದ ಪ್ರವಾಸಿಗರು 3 ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಮೇ ತಿಂಗಳಿಂದ ಅಕ್ಟೋಬರ್ ವರೆಗಿನ ಆರು ತಿಂಗಳಲ್ಲಿ, ಕೆಲವು ದ್ವೀಪಗಳಿಗೂ ಕಡಲತಡಿಯ ಕೆಲವು ಊರುಗಳಿಗೂ ಬಂದಿಳಿಯುತ್ತಾರೆ. ಮನೆಯವರಿಗಿಂತ ನೆಂಟರೇ ಮೂರು ಪಟ್ಟಾದರೆ ಅಡುಗೆಮನೆಯಲ್ಲಿ ಏನಾಗುತ್ತದೆಯೋ ಅದೇ ಆ ಊರುಗಳಲ್ಲಿಯೂ ಆಗಿದೆ: ಒಲೆ ಆರದಿದ್ದರೂ ಅಡುಗೆ ನೆಂಟರ ಹೊತ್ತಿಗೂ ನೆಂಟರ ನಾಲಗೆಗೂ ಒಗ್ಗಿಕೊಂಡಿದೆ, ಮನೆಯವರ ಊಟ ಒಂದು ಬೀದಿ ಹಿಂದಕ್ಕೆ, ಒಂದೆರಡು ತಾಸು ಆಚೆಗೆ ಸರಿದಿದೆ. ಹಾಗೆ ಸರಿದದ್ದನ್ನು ಹುಡುಕಿಕೊಳ್ಳುವುದು ಹೇಗೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ತಿಳಿಯಬೇಕಾದದ್ದು ನೀವು ಹೋಗುತ್ತಿರುವ ಊರು ಯಾರಿಗಾಗಿ ಬೆಳೆಯಿತು ಎಂಬುದನ್ನು. ರೋಡ್ಸ್ ದ್ವೀಪದ ಫಲಿರಾಕಿ, ಕ್ರೀಟಿನ ಮಾಲಿಯಾ, ಕಾರ್ಫುವಿನ ಕಾವೊಸ್, ಜಾಕಿಂಥೊಸ್‌ನ ಲಗಾನಾಸ್ ಮುಂತಾದವು ಚಾರ್ಟರ್ ವಿಮಾನ ಮತ್ತು ಪ್ಯಾಕೇಜ್ ಪ್ರವಾಸದ ಕಾಲದಲ್ಲಿ ಬೆಳೆದ ಕಡಲತಡಿಗಳು. ಇಲ್ಲಿ ಬೆಳಿಗ್ಗೆ ಮೊಟ್ಟೆ, ಬೇಕನ್, ಬೇಯಿಸಿದ ಬೀನ್ಸ್‌ಗಳ ಇಂಗ್ಲಿಷ್ ತಿಂಡಿಯ ಫಲಕ, ಸಂಜೆ ಪಿಜ್ಜಾ, ರಾತ್ರಿ ಬಾರು. ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮೂರು ಹೊತ್ತಿನ ಊಟವನ್ನೂ ಕೊಠಡಿಯ ಬಾಡಿಗೆಯಲ್ಲೇ ಸೇರಿಸುವ ಹೋಟೆಲುಗಳು ಬಂದ ಮೇಲೆ ಇಂಥ ಊರುಗಳ ತವೆರ್ನಾ ಎಂಬ ಸಣ್ಣ ಊಟದಂಗಡಿಗಳಿಗೆ ಬಿದ್ದ ಪೆಟ್ಟು ದೊಡ್ಡದು, ಏಕೆಂದರೆ ಊಟಕ್ಕೆ ಮೊದಲೇ ಹಣ ಕಟ್ಟಿದವನು ಹೊರಗೆ ಉಣ್ಣಲು ಹೋಗುವುದು ಅಪರೂಪ. ಇಂತಹ ಕಡೆ ಕಡಲತಡಿಯ ಬೀದಿಯಲ್ಲಿ ಹುಡುಕಿ ಫಲವಿಲ್ಲ. ಗುಡ್ಡದ ಕಡೆಗೆ ನಡೆಯಬೇಕು. ಕಡಲ್ಗಳ್ಳರ ಭಯದಿಂದಾಗಿ ಏಜಿಯನ್ ಸಮುದ್ರದ ಹಳೆಯ ಊರುಗಳು ಹೆಚ್ಚಾಗಿ ತೀರದಿಂದ ದೂರ, ಎತ್ತರದಲ್ಲಿ ಕಟ್ಟಿಕೊಂಡವು. ಮಾಲಿಯಾದ ಹಳೆಯ ಊರು ಹೆದ್ದಾರಿಯ ಒಳಮಗ್ಗುಲಲ್ಲಿದೆ; ಅದರ ಹತ್ತಿರದ ಹೆರ್ಸೊನಿಸೊಸ್‌ನ ಬಂದರಿನಿಂದ ಮೇಲಕ್ಕೆ ಹತ್ತಿದರೆ ಕುತುಲುಫಾರಿ, ಪಿಸ್ಕೊಪಿಯಾನೊ, ಹಳೆಯ ಹೆರ್ಸೊನಿಸೊಸ್ ಎಂಬ ಮೂರು ಹಳ್ಳಿಗಳು ಸಿಗುತ್ತವೆ. ಅಲ್ಲಿಯೂ ಪ್ರವಾಸಿಗರಿದ್ದಾರೆ, ಆದರೆ ಚೌಕದ ಕಾಫಿ ಅಂಗಡಿಯಲ್ಲಿ ಊರಿನ ಮುದುಕರೂ ಕುಳಿತಿರುತ್ತಾರೆ. ಹನಿಯಾ, ನಾಫ್ಲಿಯೊದಂತಹ ಹಳೆಯ ಪಟ್ಟಣಗಳಲ್ಲಿ ಇಷ್ಟು ದೂರ ಹೋಗಬೇಕಿಲ್ಲ. ಬಂದರಿಗೆ ಬೆನ್ನು ಮಾಡಿ ಎರಡು ಮೂರು ಬೀದಿ ದಾಟಿದರೆ ಸಾಕಾಗುತ್ತದೆ.

ಇನ್ನು ಅಂಗಡಿಯ ಬಗೆ. ಎಲ್ಲಕ್ಕೂ ತವೆರ್ನಾ ಎಂಬ ಹೆಸರನ್ನೇ ಬಳಸುವುದು ಪ್ರವಾಸಿಗರ ರೂಢಿ. ಗ್ರೀಕರಿಗೆ ಸುಟ್ಟ ಮಾಂಸದ ಅಂಗಡಿ ಪ್ಸಿಸ್ತರಿಯಾ, ಮೀನಿನದು ಪ್ಸರೊತವೆರ್ನಾ, ಊಜೊ ಎಂಬ ಮದ್ಯ ಕುಡಿಯುತ್ತ ಸಣ್ಣ ಸಣ್ಣ ತಿನಿಸು ತಿನ್ನುವುದು ಉಜೆರಿ. ಬೆಳಿಗ್ಗೆಯೇ ಬೇಯಿಸಿಟ್ಟ ಮನೆಯಡುಗೆ ಸಿಗುವುದು ಮಾಯಿರಿಯೊ, ಅಂದರೆ ಅಡುಗೆಮನೆ ಎಂಬ ಅರ್ಥದ ಅಂಗಡಿಯಲ್ಲಿ. ಪ್ರವಾಸೋದ್ಯಮದ ಒತ್ತಡಕ್ಕೆ ಮೊದಲು ಮರೆಯಾಗುವುದು ಈ ಮಾಯಿರಿಯೊ, ಏಕೆಂದರೆ ಅದರ ಗಿರಾಕಿಗಳು ಕೆಲಸದ ನಡುವೆ ಮಧ್ಯಾಹ್ನ ಉಣ್ಣಲು ಬರುವ ಊರಿನವರು. ಊರಿನವರು ಮನೆಗಳನ್ನು ಬಾಡಿಗೆಗೆ ಕೊಟ್ಟು ಬೇರೆಡೆಗೆ ಹೋದಂತೆಲ್ಲ ಅದೂ ಬಾಗಿಲು ಹಾಕುತ್ತದೆ. ಆದ್ದರಿಂದ ಒಂದು ಊರಿನಲ್ಲಿ ಮಾಯಿರಿಯೊ ಇನ್ನೂ ನಡೆಯುತ್ತಿದ್ದರೆ ಆ ಊರಿನಲ್ಲಿ ಊರಿನವರು ಇನ್ನೂ ಇದ್ದಾರೆ ಎಂದು ತಿಳಿಯಬಹುದು.

ಕ್ರೀಟಿನ ಅಂಥದೊಂದು ಅಂಗಡಿಗೆ ನಾನು ಮಧ್ಯಾಹ್ನ ಒಂದೂವರೆಗೆ ಹೋಗಿದ್ದೆ. ಹೊರಗೆ ಮೆನು ಇರಲಿಲ್ಲ. ಗಾಜಿನ ಹಿಂದೆ ಐದಾರು ಅಗಲವಾದ ಟ್ರೇಗಳಿದ್ದವು: ಟೊಮೇಟೊ ಮತ್ತು ದೊಣ್ಣೆಮೆಣಸಿನಕಾಯಿಯೊಳಗೆ ಅಕ್ಕಿ ತುಂಬಿ ಒಲೆಯಲ್ಲಿ ಬೇಯಿಸಿದ ಯೆಮಿಸ್ತಾ, ಹುರುಳಿಕಾಯಿಯ ಫಸೊಲಾಕಿಯಾ, ಟೊಮೇಟೊ ರಸದಲ್ಲಿ ಬೆಂದ ಬೆಂಡೆಕಾಯಿ, ದಪ್ಪ ಬಿಳಿ ಅವರೆಯಂತಹ ಯಿಗಾಂತೆಸ್. ಟ್ರೇಯ ಅಂಚಿಗೆ ಟೊಮೇಟೊ ಕಪ್ಪಗೆ ಹತ್ತಿಕೊಂಡಿತ್ತು, ಮೇಲೆ ಬೆರಳಗಲ ಎಣ್ಣೆ ನಿಂತಿತ್ತು. ಬಡಿಸಿದ ಅಜ್ಜಿ ಆ ಹತ್ತಿದ ಭಾಗವನ್ನೇ ಚಮಚದಿಂದ ಕೆರೆದು ನನ್ನ ತಟ್ಟೆಗೆ ಹಾಕಿದರು. ಅಡುಗೆ ಬಿಸಿಯಾಗಿರಲಿಲ್ಲ, ಉಗುರು ಬೆಚ್ಚಗಿತ್ತು. ಇದು ತಪ್ಪಲ್ಲ. ಎಣ್ಣೆಯಲ್ಲಿ ಬೆಂದ ಈ ತರಕಾರಿ ಅಡುಗೆಗಳನ್ನು ಲಾದೆರಾ ಎನ್ನುತ್ತಾರೆ, ಅವು ಆರಿದ ಮೇಲೆಯೇ ರುಚಿ ಕೂಡುವಂಥವು. ಉತ್ತರ ಯೂರೋಪಿನ ಅತಿಥಿಗಳು ‘ಊಟ ತಣ್ಣಗಿದೆ’ ಎಂದು ದೂರಿದ್ದರಿಂದಲೇ ಮುಂದಿನ ಬೀದಿಯ ಅಡುಗೆಮನೆಗಳು ಎಲ್ಲವನ್ನೂ ಮೈಕ್ರೊವೇವ್‌ನಲ್ಲಿ ಸುಡುಸುಡು ಮಾಡಿ ಕೊಡತೊಡಗಿದವು.

ಪ್ರವಾಸಿಗರು ತಂದ ಇನ್ನೊಂದು ಬದಲಾವಣೆ ಮೆನುವಿನಲ್ಲಿ ಕಾಣುವುದಿಲ್ಲ, ಮೇಜಿನ ಮೇಲೆ ಕಾಣುತ್ತದೆ. ಗ್ರೀಕರು ನಾಲ್ಕು ಜನ ಕುಳಿತರೆ ಏಳೆಂಟು ತಟ್ಟೆಗಳನ್ನು ನಡುವೆ ಇರಿಸಿ ಹಂಚಿಕೊಂಡು ತಿನ್ನುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ, ಅದರಲ್ಲಿ ಮಾಂಸದ ಪಕ್ಕ ಅನ್ನವೂ ಕರಿದ ಆಲೂಗಡ್ಡೆಯೂ ಒಟ್ಟಿಗೆ, ಇದು ಹೊರಗಿನವರ ಅಭ್ಯಾಸಕ್ಕೆ ಮಾಡಿಕೊಂಡ ಏರ್ಪಾಟು. ಊಟ ಹೇಳುವಾಗ ‘ಓಲಾ ಸ್ತಿ ಮೇಸಿ’, ಅಂದರೆ ಎಲ್ಲವನ್ನೂ ನಡುವೆ ಇಡಿ, ಎಂದು ಹೇಳಿ ನೋಡಿ. ಮೆನು ತೆರೆಯುವ ಮೊದಲೇ ‘ತಿ ಮಾಯಿರೆಪ್ಸಾತೆ ಸೀಮೆರಾ?’, ಇವತ್ತು ಏನು ಬೇಯಿಸಿದ್ದೀರಿ, ಎಂದು ಕೇಳುವುದು ಅದಕ್ಕಿಂತಲೂ ಉಪಯುಕ್ತ. ಉತ್ತರವಾಗಿ ಎರಡು ಮೂರು ಅಡುಗೆಗಳ ಹೆಸರು ಬಂದರೆ ಕುಳಿತುಕೊಳ್ಳಿ. ನಲವತ್ತು ಚಿತ್ರಗಳಿರುವ ಮೆನುವನ್ನೇ ಮುಂದೆ ಹಿಡಿದರೆ ವಿನಯದಿಂದ ಎದ್ದು ಹೊರಡಬಹುದು.

ಮೆನುವನ್ನು ಓದಲೇಬೇಕಾದಾಗ ಗಮನಿಸಬೇಕಾದ ಚಿಹ್ನೆ ನಕ್ಷತ್ರದ ಗುರುತು. ಹಿಮಗಟ್ಟಿಸಿಟ್ಟ ಪದಾರ್ಥವನ್ನು ಹಾಗೆಂದು ಮೆನುವಿನಲ್ಲಿ ಸೂಚಿಸಬೇಕು ಎಂಬುದು ಅಲ್ಲಿನ ನಿಯಮ. ಸಾಮಾನ್ಯವಾಗಿ ಹೆಸರಿನ ಮುಂದೆ ನಕ್ಷತ್ರವಿರುತ್ತದೆ, ವಿವರಣೆ ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿ. ನಕ್ಷತ್ರ ಕಂಡ ಕೂಡಲೇ ಮುಖ ತಿರುಗಿಸಬೇಕಾಗಿಲ್ಲ. ಆಕ್ಟೋಪಸ್ ಹಿಮಗಟ್ಟಿದರೆ ಮೆದುವಾಗುತ್ತದೆ, ಅದು ಒಳ್ಳೆಯದೇ. ಆದರೆ ಕಡಲ ಅಂಚಿನಲ್ಲಿ ಕುಳಿತು, ದೋಣಿಗಳನ್ನು ನೋಡುತ್ತ, ದೂರದ ಸಾಗರದಿಂದ ಪೆಟ್ಟಿಗೆಯಲ್ಲಿ ಬಂದ ಕಲಮಾರಿಯನ್ನು (ಸ್ಕ್ವಿಡ್) ತಾಜಾ ಎಂದುಕೊಂಡು ತಿನ್ನುವುದು ಬೇಡ. ಬೇಸಿಗೆಯಲ್ಲಿ ಗ್ರೀಸಿನ ದೊಡ್ಡ ಟ್ರಾಲರ್ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುತ್ತದೆ. ಹೀಗೆ ಮೀನಿಗೆ ಅತಿ ಹೆಚ್ಚು ಬೇಡಿಕೆ ಇರುವ ತಿಂಗಳುಗಳಲ್ಲೇ ಬಲೆಗೆ ಬೀಳುವುದು ಕಡಿಮೆ, ಆ ಅಂತರವನ್ನು ತುಂಬುವುದು ಸಾಕಿದ ತ್ಸಿಪುರಾ, ಲವ್ರಾಕಿ ಮೀನುಗಳು. ಜುಲೈ, ಆಗಸ್ಟ್‌ನಲ್ಲಿ ಬುದ್ಧಿವಂತರು ಕೇಳುವುದು ಸಾರ್ಡೀನ್ ಅಥವಾ ಗಾವ್ರೊಸ್ ಎಂಬ ಸಣ್ಣ ಮೀನು: ಅಗ್ಗ, ತಾಜಾ, ಆ ಕಾಲಕ್ಕೆ ಕೊಬ್ಬಿದವು. ದೊಡ್ಡ ಮೀನನ್ನು ಕಿಲೊ ಲೆಕ್ಕದಲ್ಲಿ ಮಾರುತ್ತಾರೆ. ಮೆನುವಿನಲ್ಲಿ 60 ಯೂರೊ ಎಂದಿದ್ದರೆ 700 ಗ್ರಾಂ ತೂಗುವ ಮೀನಿಗೆ 42 ಯೂರೊ ಆಗುತ್ತದೆ, ಆದ್ದರಿಂದ ಸುಡುವ ಮೊದಲು ಕಣ್ಣೆದುರಿಗೆ ತೂಗಿಸಿ. ಒಮ್ಮೆ ಇದನ್ನು ಮರೆತು ನಾನು ತೆತ್ತ ಹಣದಲ್ಲಿ ಮೂರು ದಿನ ಉಣ್ಣಬಹುದಿತ್ತು.

ಚೀಸಿನ ವಿಷಯದಲ್ಲಿ ಹೆಚ್ಚಿನವರು ಮೋಸ ಹೋಗುವುದು ತಮಗೆ ಗೊತ್ತಾಗದಂತೆ. ಫೆಟಾ ಎಂಬ ಬಿಳಿ ಚೀಸಿನ ಹೆಸರಿಗೆ 2002ರಲ್ಲಿ ಯೂರೋಪಿಯನ್ ಒಕ್ಕೂಟದ ರಕ್ಷಣೆ ಸಿಕ್ಕಿತು. ಅದರಂತೆ ಫೆಟಾ ತಯಾರಾಗಬೇಕಾದದ್ದು ಗ್ರೀಸಿನ ಮುಖ್ಯ ಭೂಭಾಗದಲ್ಲಿ ಮತ್ತು ಲೆಸ್ವೊಸ್ ದ್ವೀಪದಲ್ಲಿ. ಕ್ರೀಟ್, ಸಾಂಟೊರಿನಿ, ಮಿಕೊನೊಸ್‌ಗಳು ಆ ವ್ಯಾಪ್ತಿಯಲ್ಲಿಲ್ಲ. ಹೀಗಿದ್ದೂ ಆ ದ್ವೀಪಗಳಲ್ಲಿ ಎಲ್ಲಿ ಸಲಾಡ್ ಕೇಳಿದರೂ ಮೇಲೆ ಫೆಟಾದ ಹೋಳು ಇರುತ್ತದೆ, ಏಕೆಂದರೆ ‘ಗ್ರೀಕ್ ಸಲಾಡ್’ ಎಂದರೆ ಹಾಗೆಯೇ ಇರಬೇಕೆಂದು ಬರುವವರೆಲ್ಲ ಕಲಿತುಬಂದಿದ್ದಾರೆ. ಕ್ರೀಟಿನಲ್ಲಿ ಮಿಜಿಥ್ರಾ, ನಾಕ್ಸೊಸ್‌ನಲ್ಲಿ ಗ್ರಾವಿಯೇರಾ, ಮಿಕೊನೊಸ್‌ನಲ್ಲಿ ನಾಲಗೆ ಚುರುಗುಟ್ಟಿಸುವ ಕೊಪನಿಸ್ತಿ, ಸಾಂಟೊರಿನಿಯಲ್ಲಿ ಹ್ಲೊರೊ ಎಂಬ ಆಡಿನ ಹಾಲಿನ ಮೆದು ಚೀಸ್ ಕೇಳಿ. ಇದ್ದರೆ ಸಂತೋಷದಿಂದ ತಂದುಕೊಡುತ್ತಾರೆ.

ಪ್ರವಾಸವು ಊಟದ ಜೊತೆಗೆ ಹೊಲವನ್ನೂ ಹೇಗೆ ಬದಲಿಸುತ್ತದೆ ಎಂಬುದನ್ನು ನೋಡಬೇಕಾದರೆ ಸಾಂಟೊರಿನಿಗೆ ಹೋಗಬೇಕು. ಅಲ್ಲಿನ ಜ್ವಾಲಾಮುಖಿಯ ಬೂದಿ ಮಣ್ಣಿಗೆ ಮಳೆ ಅಪರೂಪ. ಅಂಥ ನೆಲದಲ್ಲಿ ನೀರುಣಿಸದೆ ಬೆಳೆಯುವ ಸಣ್ಣ ಟೊಮೇಟೊ, ಬಿಳಿ ಬದನೆಕಾಯಿ, ನಾವು ತೊವ್ವೆ ಮಾಡುವಂತೆ ಗಟ್ಟಿಯಾಗಿ ಬೇಯಿಸುವ ಹಳದಿ ಫಾವಾ ಬೇಳೆ, ಗಾಳಿಯ ಹೊಡೆತದಿಂದ ಕಾಪಾಡಲು ನೆಲಕ್ಕಂಟಿಸಿ ಬುಟ್ಟಿಯಂತೆ ಸುತ್ತಿದ ಬಳ್ಳಿಗಳಲ್ಲಿ ಬೆಳೆಯುವ ಅಸಿರ್ತಿಕೊ ದ್ರಾಕ್ಷಿ, ಇವೇ ದ್ವೀಪದ ಬದುಕಾಗಿದ್ದವು. ಟೊಮೇಟೊ ಪೇಸ್ಟ್ ತಯಾರಿಸುವ ಕಾರ್ಖಾನೆಗಳೂ ಇದ್ದವು. 1956ರ ಜುಲೈ 9ರ ಭೂಕಂಪದಲ್ಲಿ ಮನೆಗಳು ಕುಸಿದು ಅನೇಕರು ದ್ವೀಪ ಬಿಟ್ಟರು. ಮುಂದೆ ಪ್ರವಾಸಿಗರು ಬಂದಾಗ ಹೊಲಕ್ಕಿಂತ ಕೊಠಡಿ ಕಟ್ಟುವುದೇ ಲಾಭವಾಯಿತು. ವ್ಲಿಹಾದಾದ ಹಳೆಯ ಟೊಮೇಟೊ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. ಹಡಗಿನಲ್ಲಿ ಬಂದು ಸಂಜೆಗೆ ಮರಳುವ ಜನರ ನೂಕುನುಗ್ಗಲು ಎಷ್ಟಾಯಿತೆಂದರೆ, 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರೆಂಬ ಮಿತಿ ಹಾಕಬೇಕಾಯಿತು. ಅದೇ ವರ್ಷ ತುಂಬಿದ ಸೀಸನ್ನಿನಲ್ಲಿ ಇಳಿಯುವ ಪ್ರತಿ ಕ್ರೂಸ್ ಪ್ರಯಾಣಿಕನ ಮೇಲೆ 20 ಯೂರೊ ಶುಲ್ಕವೂ ಬಂದಿತು. ಆದರೆ ಫಾವಾಕ್ಕೂ ಅಸಿರ್ತಿಕೊ ವೈನಿಗೂ ಇಂದು ಇರುವ ಬೆಲೆ ಮತ್ತು ಗೌರವ ಬಂದದ್ದರಲ್ಲಿಯೂ ಅದೇ ಪ್ರವಾಸಿಗರ ಪಾಲಿದೆ. ಈಯಾ ಊರಿನ ಸೂರ್ಯಾಸ್ತದ ಮೇಜಿಗೆ ತೆರುವ ಹಣವನ್ನು ಉಳಿಸಿ, ಒಳನಾಡಿನ ಪಿರ್ಗೊಸ್ ಅಥವಾ ಮೆಗಾಲೊಹೊರಿಯಲ್ಲಿ ಫಾವಾ ಮತ್ತು ಟೊಮೇಟೊ ವಡೆಯಂತಹ ತೊಮಾತೊಕೆಫ್ತೆದೆಸ್ ತಿನ್ನಿ ಎಂಬುದು ನನ್ನ ಸಲಹೆ.

ಹಾಗೆಂದು ‘ಅಪ್ಪಟ’ ಎಂಬ ಮಾತನ್ನು ಹಿಡಿದು ಹಟ ಮಾಡುವುದೂ ಸರಿಯಲ್ಲ. ಇಂದು ಎಲ್ಲರೂ ತಿನ್ನುವ, ಬದನೆಕಾಯಿ ಮತ್ತು ಕೊಚ್ಚಿದ ಮಾಂಸದ ಪದರಗಳ ಮೇಲೆ ಬೆಷಮೆಲ್ ಎಂಬ ಹಾಲು-ಹಿಟ್ಟಿನ ಸಾಸ್ ಹೊದಿಸಿದ ಮುಸಾಕಾ ರೂಢಿಗೆ ಬಂದದ್ದು 1920ರ ದಶಕದಲ್ಲಿ, ಫ್ರೆಂಚ್ ಅಡುಗೆಯನ್ನು ಮೆಚ್ಚಿದ್ದ ನಿಕೊಲಾವೊಸ್ ತ್ಸೆಲೆಮೆಂತೆಸ್ ಎಂಬ ಬಾಣಸಿಗನಿಂದ. ಕಾರ್ಫುವಿನ ಪಾಸ್ತಿತ್ಸಾದಾ ಎಂಬ ಮಾಂಸ-ಪಾಸ್ತಾದ ಅಡುಗೆ ವೆನಿಸ್ಸಿನವರ ಬಳುವಳಿ. ಅಲ್ಲಿನ ತ್ಸಿತ್ಸಿಬಿರಾ ಎಂಬ ಶುಂಠಿ ಪಾನೀಯವನ್ನು ಬಿಟ್ಟುಹೋದವರು ಬ್ರಿಟಿಷರು. ಹೊರಗಿನವರು ಬಂದದ್ದಕ್ಕಿಂತ, ಆರೇ ತಿಂಗಳಲ್ಲಿ ವರ್ಷದ ಗಳಿಕೆ ಆಗಲೇಬೇಕೆಂಬ ಅವಸರವೇ ಅಡುಗೆಯನ್ನು ಕೆಡಿಸುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಮೇ ತಿಂಗಳಲ್ಲೋ ಸೆಪ್ಟೆಂಬರ್ ಕೊನೆಗೋ ಹೋಗಿ. ಅದೇ ಅಡುಗೆಯವರು ಆಗ ನಿಧಾನವಾಗಿ ಬೇಯಿಸುತ್ತಾರೆ.

ಹೊತ್ತು ಮತ್ತು ವಾರವನ್ನೂ ಗಮನದಲ್ಲಿಡಿ. ಟ್ರೇಯ ಅಡುಗೆ ಮಧ್ಯಾಹ್ನದ್ದು. ರಾತ್ರಿ ಉಳಿದಿರುವುದು ಕಡಿಮೆ. ಊರಿನವರು ರಾತ್ರಿ ಊಟಕ್ಕೆ ಹೊರಡುವುದು ಒಂಬತ್ತರ ಮೇಲೆ, ಆದ್ದರಿಂದ ಸಂಜೆ ಆರೂವರೆಗೇ ತುಂಬಿರುವ ಅಂಗಡಿ ಯಾರಿಗಾಗಿ ನಡೆಯುತ್ತಿದೆ ಎಂದು ಕೇಳಬೇಕಾಗಿಲ್ಲ. ಸಿಫ್ನೊಸ್ ದ್ವೀಪದಲ್ಲಿದ್ದರೆ ಭಾನುವಾರವನ್ನು ತಪ್ಪಿಸಬೇಡಿ: ಶನಿವಾರ ಸಂಜೆ ಕಡಲೆಕಾಳು, ಈರುಳ್ಳಿ, ಎಣ್ಣೆಗಳನ್ನು ಮುಚ್ಚಳದ ಮಣ್ಣಿನ ಗಡಿಗೆಗೆ ಹಾಕಿ ಸೌದೆಯ ಒಲೆಯಲ್ಲಿಟ್ಟರೆ, ರಾತ್ರಿಯಿಡೀ ಬೆಂದು, ಚರ್ಚಿನಿಂದ ಮರಳುವ ಹೊತ್ತಿಗೆ ಬೆಣ್ಣೆಯಂತಾಗಿರುತ್ತದೆ. ರೆವಿಥಾದಾ ಎಂಬ ಈ ಅಡುಗೆಗೆ ನಿಂಬೆಹುಳಿ ಹಿಂಡಿಕೊಂಡು ತಿನ್ನುತ್ತಾರೆ.

ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಹೋಗುವ ಸಸ್ಯಾಹಾರಿಗಳು ಫಲಾಹಾರದ ಚಿಂತೆಯಲ್ಲಿ ಅವಲಕ್ಕಿಯ ಪೊಟ್ಟಣ ಕಟ್ಟಿಕೊಳ್ಳುವುದನ್ನು ಕಂಡಿದ್ದೇನೆ. ಅದರ ಬದಲು ‘ನಿಸ್ತಿಸಿಮೊ’ ಎಂಬ ಒಂದು ಪದ ಕಲಿತುಕೊಳ್ಳಿ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸಕ್ಕೆ ಸಲ್ಲುವ, ಮಾಂಸ, ಮೊಟ್ಟೆ, ಹಾಲು ಇಲ್ಲದ ಊಟಕ್ಕೆ ಈ ಹೆಸರು. ಬುಧವಾರ, ಶುಕ್ರವಾರಗಳು ಉಪವಾಸದ ದಿನಗಳು; ಪ್ರವಾಸಿಗರು ಕಿಕ್ಕಿರಿಯುವ ಆಗಸ್ಟ್ 1ರಿಂದ 14ರವರೆಗೂ ಉಪವಾಸವೇ, 15ಕ್ಕೆ ಮೇರಿಮಾತೆಯ ಹಬ್ಬ. ಮುಂದಿನ ಬೀದಿಯಲ್ಲಿ ಇದರ ಸುಳಿವೂ ಸಿಗದು, ಆದರೆ ಹಿಂದಿನ ಬೀದಿಯ ಅಡುಗೆಯವರಿಗೆ ಆ ಪದ ಚೆನ್ನಾಗಿ ಗೊತ್ತು. ಒಂದು ಎಚ್ಚರ: ಸೀಗಡಿ, ಆಕ್ಟೋಪಸ್‌ಗಳು ಉಪವಾಸಕ್ಕೆ ಸಲ್ಲುತ್ತವೆ, ಆದ್ದರಿಂದ ಅವು ಬೇಡವೆಂದು ಬಿಡಿಸಿ ಹೇಳಬೇಕು. ದ್ರಾಕ್ಷಿ ಎಲೆಯ ಸುರುಳಿಯನ್ನು ‘ಯಲಂಜಿ’ ಎಂದು ಕೇಳಿ. ಸುಳ್ಳುಗಾರ ಎಂಬ ಅರ್ಥದ ತುರ್ಕಿ ಪದವದು, ಒಳಗೆ ಮಾಂಸವಿಲ್ಲದೆಯೂ ಇದ್ದಂತೆ ನಟಿಸುವುದಕ್ಕೆ ಆ ಹೆಸರು.

ಬ್ರೆಡ್ಡಿಗೆ ‘ಕುವೆರ್’ ಎಂದು ಸ್ವಲ್ಪ ಹಣ ಸೇರಿಸಿದ್ದರೆ ಜಗಳ ಬೇಡ. ರಸೀತಿ ಮಾತ್ರ ಕೇಳಿ ಪಡೆಯಿರಿ, ರಸೀತಿ ಕೊಡದಿದ್ದರೆ ಗಿರಾಕಿ ಹಣ ಕೊಡಬೇಕಾಗಿಲ್ಲವೆಂದು ಮೆನುವಿನಲ್ಲೇ ಅಚ್ಚಾಗಿರುತ್ತದೆ. ಮುಂದಿನ ಬೀದಿಯಲ್ಲಿ ತಟ್ಟೆ ಖಾಲಿಯಾಗುವ ಮೊದಲೇ ಬಿಲ್ಲು ಬರುವುದುಂಟು. ಹಿಂದಿನ ಬೀದಿಯಲ್ಲಿ ನೀವಾಗಿ ಕೇಳುವವರೆಗೂ ಬರುವುದಿಲ್ಲ. ಕೇಳಿದಾಗಲೂ ಅದರ ಜೊತೆಗೆ ಕೇಳದ ಒಂದು ತಟ್ಟೆ ಕಲ್ಲಂಗಡಿ ಹಣ್ಣು, ಕ್ರೀಟಿನಲ್ಲಾದರೆ ಪುಟ್ಟ ಸೀಸೆಯಲ್ಲಿ ರಾಕಿ ಎಂಬ ಮದ್ಯ ಬರುತ್ತದೆ. ಇದು ಕೇರಸ್ಮಾ, ಮನೆಯವರ ಉಪಚಾರ. ರಾಕಿ ಕುಡಿಯದವರು ಲೋಟವನ್ನು ತುಟಿಗೆ ತಾಗಿಸಿ ಕೆಳಗಿಟ್ಟರೂ ಸಾಕು, ಹಣ್ಣನ್ನು ಮಾತ್ರ ಬಿಟ್ಟು ಏಳಬೇಡಿ.